ಪ್ರಾಡಕ್ಟ್ ಕಂಪನಿ ಇಂಟರ್ವ್ಯೂ: ಮೊದಲ ಫೋನಿನಿಂದ ಆಫರ್ ಲೆಟರ್‌ವರೆಗೆ

"ಅಣ್ಣಾ, ಮೂರು ವರ್ಷದಿಂದ ಸರ್ವಿಸ್ ಕಂಪನಿಯಲ್ಲಿದ್ದೀನಿ, ಪ್ರಾಡಕ್ಟ್ ಕಂಪನಿಗೆ ಹೋಗಬೇಕು, ಇಂಟರ್ವ್ಯೂನಲ್ಲಿ ಏನು ಕೇಳ್ತಾರೆ?" ವಾರಕ್ಕೆ ಎರಡಾದರೂ ಇಂಥ ಮೆಸೇಜ್ ಬರುತ್ತವೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಮಾಡಿ ಸಾಕಾಯಿತು. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇದು ಯಾರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಎರಡರಿಂದ ಆರು ವರ್ಷ ಕೆಲಸ ಮಾಡಿರುವ, ಬ್ಯಾಕೆಂಡ್, ಅಂದರೆ ಆಪಿನ ಹಿಂದೆ ಸರ್ವರಿನಲ್ಲಿ ಓಡುವ ಕೋಡ್ ಬರೆಯುವವರಿಗೆ. ಕಾಲೇಜು ಕ್ಯಾಂಪಸ್ ಇಂಟರ್ವ್ಯೂ ಕಥೆಯೇ ಬೇರೆ, ಅದು ಇಲ್ಲಿಲ್ಲ. ಸರ್ವಿಸ್ ಕಂಪನಿ ಅಂದರೆ ಬೇರೆಯವರ ಸಾಫ್ಟ್‌ವೇರ್ ಕೆಲಸವನ್ನು ಗುತ್ತಿಗೆಗೆ ಹಿಡಿದು ಮಾಡಿಕೊಡುವುದು. ಪ್ರಾಡಕ್ಟ್ ಕಂಪನಿ ತನ್ನದೇ ಆಪ್ ಅಥವಾ ಸೇವೆಯನ್ನು ಕಟ್ಟಿ ತಾನೇ ನಡೆಸುತ್ತದೆ. ಎರಡರ ಇಂಟರ್ವ್ಯೂಗೂ ಅಜಗಜಾಂತರ. ಒಂದು ಕಡೆ "ಸ್ಪ್ರಿಂಗ್ ಬೂಟ್ ಅನೋಟೇಶನ್ ಯಾವ್ಯಾವುದು ಹೇಳಿ" ಅಂತಾರೆ, ಇನ್ನೊಂದು ಕಡೆ ಖಾಲಿ ಎಡಿಟರ್ ತೆರೆದು "ಶುರು ಮಾಡಿ" ಅಂತಾರೆ.

ನಾನು ಮೇಜಿನ ಎರಡೂ ಕಡೆ ಕೂತಿದ್ದೇನೆ. ಆ ಕಡೆ ಕೂತ ಮೇಲೆ ಗೊತ್ತಾಗಿದ್ದು ಇಷ್ಟು: ನಮ್ಮ ಹುಡುಗರು, ಹುಡುಗಿಯರು ಕೋಡ್ ಬರದೆ ಫೇಲ್ ಆಗುವುದಕ್ಕಿಂತ ಬಾಯಿ ಬಿಡದೆ ಫೇಲ್ ಆಗುವುದೇ ಜಾಸ್ತಿ. ಕನ್ನಡ ಮೀಡಿಯಂನಿಂದ ಬಂದವರಲ್ಲಂತೂ ಇನ್ನೂ ಜಾಸ್ತಿ. ಇಂಗ್ಲಿಷ್ ತಪ್ಪಾಗುತ್ತೆ ಅಂತ ತಲೆಯೊಳಗೇ ಎಲ್ಲಾ ಮುಗಿಸಿ ಕೊನೆಗೆ ಉತ್ತರ ಮಾತ್ರ ಹೇಳುತ್ತಾರೆ. ಅದು ಯಾಕೆ ಮೋಸ ಅಂತ 4ನೇ ಹಂತದಲ್ಲಿ ಬರುತ್ತದೆ.

ಬೇಕಾಗುವುದು

ಒಂದು ಭಾಷೆ ಸಾಕು. ಜಾವಾ, ಪೈಥಾನ್, ಸಿ++, ಯಾವುದಾದರೂ ಸರಿ, ಆದರೆ ಅದರಲ್ಲಿ ಮ್ಯಾಪ್, ಲಿಸ್ಟ್, ಸಾರ್ಟಿಂಗ್ ಇವನ್ನು ಗೂಗಲ್ ನೋಡದೆ ಬರೆಯಲು ಬರಬೇಕು. ದಿನಕ್ಕೆ ಒಂದೂವರೆ ಗಂಟೆಯಂತೆ ಮೂರರಿಂದ ನಾಲ್ಕು ತಿಂಗಳು. ಶನಿವಾರ, ಭಾನುವಾರ ಒಂದೇ ಸಲ ಎಂಟು ಗಂಟೆ ಕೂರುತ್ತೇನೆ ಅನ್ನುವವರು ಎರಡನೇ ವಾರಕ್ಕೇ ಊರಿಗೆ ಹೋಗಿಬಿಡುತ್ತಾರೆ, ನೋಡಿದ್ದೇನೆ. ಒಂದು ನೋಟ್‌ಬುಕ್. ನಿಮ್ಮಂತೆಯೇ ತಯಾರಿ ಮಾಡುತ್ತಿರುವ ಒಬ್ಬ ಗೆಳೆಯ ಅಥವಾ ಗೆಳತಿ, ಯಾಕೆಂದರೆ ಅಣಕು ಇಂಟರ್ವ್ಯೂ ಒಬ್ಬರೇ ಮಾಡಲಾಗುವುದಿಲ್ಲ. ಮನೆಯಿಂದ ಇಂಟರ್ವ್ಯೂ ಕೊಡುವಾಗ ಕರೆಂಟ್ ಹೋದರೆ ಏನು ಅಂತಲೂ ಯೋಚಿಸಿ. ಮೊಬೈಲ್ ಹಾಟ್‌ಸ್ಪಾಟ್ ಹಿಂದಿನ ದಿನವೇ ಲ್ಯಾಪ್‌ಟಾಪಿಗೆ ಒಮ್ಮೆ ಜೋಡಿಸಿ ನೋಡಿರಿ.

ಹಂತ 1: ರೆಸ್ಯೂಮೆ, ಮತ್ತು ಕಾಲ್ ಬರುವ ಹಾಗೆ ಮಾಡಿಕೊಳ್ಳುವುದು

ಆರು ವರ್ಷದೊಳಗಿನ ಅನುಭವಕ್ಕೆ ಒಂದೇ ಪುಟ. ಫೋಟೋ, ತಂದೆ ಹೆಸರು, ಹುಟ್ಟಿದ ದಿನ, "ನಾನು ಶ್ರಮಜೀವಿ" ಅನ್ನುವ ಸಾಲು, ಇವೆಲ್ಲ ತೆಗೆದುಬಿಡಿ. ಎರಡು ಕಾಲಂ, ಬಣ್ಣದ ಪಟ್ಟಿ, ಸ್ಕಿಲ್‌ಗೆ ಐದರಲ್ಲಿ ನಾಲ್ಕು ಚುಕ್ಕಿ ಹಾಕುವ ಡಿಸೈನೂ ಬೇಡ. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಎಟಿಎಸ್ ಅನ್ನುವ ಸಾಫ್ಟ್‌ವೇರ್ ಜೋಡಿಸಿಡುತ್ತದೆ, ಅದು ಇಂಥ ಅಲಂಕಾರದಲ್ಲಿ ಎಡವುತ್ತದೆ.

ಸರ್ವಿಸ್ ಕಂಪನಿ ರೆಸ್ಯೂಮೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ಸಾಲು "ಬ್ಯಾಂಕಿಂಗ್ ಪ್ರಾಜೆಕ್ಟಿನಲ್ಲಿ ಎಪಿಐ ಡೆವಲಪ್‌ಮೆಂಟ್ ಜವಾಬ್ದಾರಿ". ಇದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಅದನ್ನೇ "ತಿಂಗಳ ಸ್ಟೇಟ್‌ಮೆಂಟ್ ತಯಾರಿಸುವ ಕೆಲಸ 4 ಗಂಟೆ ಹಿಡಿಯುತ್ತಿತ್ತು, ಡೇಟಾಬೇಸಿಗೆ ಒಂದೊಂದೇ ಸಾಲು ಬರೆಯುವುದನ್ನು ಬಿಟ್ಟು ಸಾವಿರದ ಗುಂಪಾಗಿ ಬರೆದು 35 ನಿಮಿಷಕ್ಕೆ ಇಳಿಸಿದೆ" ಅಂತ ಬರೆದರೆ ನಾನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಏನಿತ್ತು, ಏನು ಮಾಡಿದಿರಿ, ಎಷ್ಟಾಯಿತು. ಅಂಕಿ ನಿಜದ್ದೇ ಆಗಿರಲಿ. ಯಾಕೆಂದರೆ "35 ನಿಮಿಷ ಹೇಗೆ ಅಳೆದಿರಿ?" ಅಂತ ಕೇಳಿಯೇ ಕೇಳುತ್ತಾರೆ.

ಒಂದು ಎಚ್ಚರಿಕೆ. ರೆಸ್ಯೂಮೆಯಲ್ಲಿ ಬರೆದ ಪ್ರತಿ ಪದವೂ ಪ್ರಶ್ನೆಗೆ ನೀವೇ ಕೊಟ್ಟ ಆಹ್ವಾನ. ಕಾಫ್ಕಾ ಅಂತ ಬರೆದಿದ್ದೀರಾ? ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಂದೇಶಗಳನ್ನು ಸಾಲಾಗಿ ಸಾಗಿಸುವ ವ್ಯವಸ್ಥೆ. ಹಾಗಾದರೆ ಪಾರ್ಟಿಷನ್ (ಸಂದೇಶದ ಸಾಲಿನ ಭಾಗ) ಮೂರಿದ್ದು ಅದೇ ಗ್ರೂಪಿನ ಕನ್ಸ್ಯೂಮರ್ (ಸಂದೇಶ ಓದುವ ಪ್ರೋಗ್ರಾಂ) ನಾಲ್ಕಿದ್ದರೆ ಏನಾಗುತ್ತೆ ಅಂತ ಕೇಳುತ್ತಾರೆ. (ಒಬ್ಬ ಖಾಲಿ ಕೂರುತ್ತಾನೆ.) ಎರಡು ಪ್ರಶ್ನೆ ಆಳಕ್ಕೆ ಉತ್ತರ ಕೊಡಲಾಗದ ಪದವನ್ನು ಅಳಿಸಿಬಿಡಿ.

ಕಾಲ್ ಬರಲು ಮೂರು ದಾರಿ: ನೌಕ್ರಿ, ಲಿಂಕ್ಡ್‌ಇನ್, ಮತ್ತು ರೆಫರಲ್, ಅಂದರೆ ಆ ಕಂಪನಿಯ ಉದ್ಯೋಗಿಯೇ ನಿಮ್ಮ ಹೆಸರು ಒಳಗೆ ಕೊಡುವುದು. ಮೂರನೆಯದೇ ವಾಸಿ. ಆದರೆ "ಸರ್ ಪ್ಲೀಸ್ ರೆಫರ್" ಅಂತ ಮಾತ್ರ ಕಳಿಸಬೇಡಿ. ಕೆಲಸದ ಲಿಂಕ್, ನಿಮ್ಮ ರೆಸ್ಯೂಮೆ, ನೀವು ಯಾಕೆ ಹೊಂದುತ್ತೀರಿ ಅಂತ ಎರಡು ಸಾಲು, ಮೂರೂ ಒಂದೇ ಮೆಸೇಜಿನಲ್ಲಿ ಇರಲಿ, ಅವರು ಕಾಪಿ ಮಾಡಿ ಹಾಕಿ ಮುಗಿಸುವ ಹಾಗೆ.

ಇನ್ನು, ರಿಜಿಸ್ಟ್ರೇಷನ್ ಫೀಸು, ಟ್ರೇನಿಂಗ್ ಡೆಪಾಸಿಟ್, "ಬ್ಯಾಕ್‌ಡೋರ್" ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಿ. ಸರಿಯಾದ ಕಂಪನಿ ಕೆಲಸ ಕೊಡಲು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಸುಳ್ಳು ಅನುಭವದ ಸರ್ಟಿಫಿಕೇಟ್ ಮಾರುವವರ ಹತ್ತಿರವೂ ಸುಳಿಯಬೇಡಿ. ನಿಮ್ಮ ಪಿಎಫ್ ಖಾತೆಗೆ ಯುಎಎನ್ ಅಂತ ಒಂದು ನಂಬರ್ ಇರುತ್ತದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಯಾರು ದುಡ್ಡು ಕಟ್ಟಿದ್ದಾರೆ ಅಂತ ಅದರಲ್ಲೇ ಕಾಣುತ್ತದೆ.

ಹಂತ 2: ಎಚ್‌ಆರ್ ಫೋನ್

ಹದಿನೈದು, ಇಪ್ಪತ್ತು ನಿಮಿಷದ ಮಾತು. ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷೆ, ನೋಟಿಸ್ ಪೀರಿಯಡ್ ಎಷ್ಟು ದಿನ. ನೋಟಿಸ್ ಪೀರಿಯಡ್ ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೇ ಕಂಪನಿಯಲ್ಲಿ ಕೆಲಸ ಮಾಡಬೇಕಾದ ಅವಧಿ. ಸರ್ವಿಸ್ ಕಂಪನಿಗಳಲ್ಲಿ ಇದು 90 ದಿನ ಇರುವುದೇ ಹೆಚ್ಚು. ಸುಳ್ಳು ಹೇಳಿ 30 ಅನ್ನಬೇಡಿ. "90 ದಿನ, ಮಾತಾಡಿದರೆ ಕಡಿಮೆ ಮಾಡಿಕೊಡಬಹುದು, ಬೈಔಟ್ ಇದೆಯೋ ಕೇಳಿ ಹೇಳುತ್ತೇನೆ" ಅನ್ನಿ. ಬೈಔಟ್ ಅಂದರೆ ಉಳಿದ ದಿನಗಳ ಸಂಬಳ ಕಟ್ಟಿ ಬೇಗ ಹೊರಬರುವುದು.

ಎಷ್ಟು ಬೇಕು ಅಂದಾಗ ಗಾಬರಿಯಲ್ಲಿ ಸಣ್ಣ ಅಂಕಿ ಹೇಳಿಬಿಡುವವರೇ ಜಾಸ್ತಿ. "ಈ ಲೆವೆಲ್‌ಗೆ ನಿಮ್ಮ ರೇಂಜ್ ಎಷ್ಟಿದೆ?" ಅಂತ ತಿರುಗಿ ಕೇಳುವುದು ತಪ್ಪೇನಲ್ಲ. ಹೇಳದಿದ್ದರೆ, ಅದೇ ಲೆವೆಲ್‌ನಲ್ಲಿ ಇರುವವರನ್ನು ಮೊದಲೇ ವಿಚಾರಿಸಿಕೊಂಡು ಒಂದು ಅಂಕಿ ಹೇಳಿ.

ಫೋನ್ ಇಡುವ ಮುಂಚೆ ನೀವೂ ಕೇಳಬೇಕು: ಒಟ್ಟು ಎಷ್ಟು ರೌಂಡ್, ಒಂದೊಂದರಲ್ಲಿ ಏನು, ಎಷ್ಟು ನಿಮಿಷ, ಕೋಡ್ ಓಡಿಸಬೇಕೋ ಬರೆದರೆ ಸಾಕೋ, ಆಫೀಸಿಗೆ ಬರಬೇಕಾ. ಅವರು ಸಂತೋಷವಾಗಿಯೇ ಹೇಳುತ್ತಾರೆ. ಕೇಳದೇ ಹೋಗಿ, ಸಿಸ್ಟಂ ಡಿಸೈನ್ ಓದಿಕೊಂಡು ಕೂತವರಿಗೆ ಮೆಷಿನ್ ಕೋಡಿಂಗ್ ಬಂದಿದ್ದಿದೆ (ಇವೆರಡೂ ಏನು ಅಂತ 5, 6ನೇ ಹಂತದಲ್ಲಿ ಬರುತ್ತದೆ).

ಹಂತ 3: ಆನ್‌ಲೈನ್ ಟೆಸ್ಟ್

ಅರವತ್ತರಿಂದ ತೊಂಬತ್ತು ನಿಮಿಷ, ಎರಡೋ ಮೂರೋ ಲೆಕ್ಕ. ಹ್ಯಾಕರ್‌ರ್ಯಾಂಕ್ ಥರದ ಟೆಸ್ಟ್ ಸೈಟಿನಲ್ಲಿ ಕೊಡುತ್ತಾರೆ. ಕ್ಯಾಮೆರಾ ಆನ್ ಇರುತ್ತದೆ, ಟ್ಯಾಬ್ ಬದಲಿಸಿದರೆ ದಾಖಲಾಗುತ್ತದೆ.

ಇಲ್ಲಿ ಒಂದೇ ಒಂದು ಗುಟ್ಟು ಹೇಳುತ್ತೇನೆ. ಪ್ರಶ್ನೆಯ ಕೆಳಗೆ ಕನ್‌ಸ್ಟ್ರೇಂಟ್ಸ್ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಇನ್‌ಪುಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ, ಅದನ್ನೇ ಮೊದಲು ಓದಿ. ಒಂದು ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಲೆಕ್ಕ ಅಂತ ಅಂದಾಜು ಇಟ್ಟುಕೊಳ್ಳಿ. ಪಟ್ಟಿಯಲ್ಲಿ 1 ಲಕ್ಷ ಸಂಖ್ಯೆ ಇರಬಹುದು ಅಂದರೆ, ಲೂಪಿನೊಳಗೆ ಲೂಪ್ ಹಾಕಿದರೆ 1 ಲಕ್ಷ ಗುಣಿಸು 1 ಲಕ್ಷ, ಅಂದರೆ 1,000 ಕೋಟಿ. ನೂರು ಸೆಕೆಂಡು. ಟೆಸ್ಟ್ ಅಷ್ಟು ಹೊತ್ತು ಕಾಯುವುದಿಲ್ಲ. ಅಲ್ಲಿಗೆ ಸಾರ್ಟಿಂಗೋ, ಹ್ಯಾಶ್ ಮ್ಯಾಪೋ, ಬೈನರಿ ಸರ್ಚೋ ಬೇಕು ಅಂತ ಪ್ರಶ್ನೆಯೇ ಹೇಳಿಕೊಟ್ಟ ಹಾಗಾಯಿತು. ಮಿತಿ 20 ಅಂತ ಇದ್ದರೆ ಉಲ್ಟಾ: ಎಲ್ಲಾ ಸಾಧ್ಯತೆಯನ್ನೂ ಸುಮ್ನೆ ಒಂದೊಂದಾಗಿ ನೋಡಿದರೂ ನಡೆಯುತ್ತದೆ. 2ರ 20ನೇ ಘಾತ ಸುಮಾರು 10 ಲಕ್ಷ ಅಷ್ಟೇ.

ಅವರು ತೋರಿಸುವ ಎರಡು ಟೆಸ್ಟ್ ಪಾಸಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಬಚ್ಚಿಟ್ಟ ಟೆಸ್ಟ್‌ಗಳು ಇನ್ನೂ ಇರುತ್ತವೆ. ಪೂರ್ತಿ ಬರದಿದ್ದರೆ ನಿಧಾನದ ಉತ್ತರವನ್ನಾದರೂ ಕೊಡಿ, ಅರ್ಧ ಅಂಕ ಸಿಗಬಹುದು. ಎಐ ಹತ್ತಿರ ಕೇಳಿ ಅಂಟಿಸಿದರೆ? ಟೆಸ್ಟ್ ದಾಟುತ್ತೀರಿ, ಮುಂದಿನ ರೌಂಡಿನಲ್ಲಿ "ನಿಮ್ಮ ಆನ್‌ಲೈನ್ ಕೋಡ್ ತೆರೆದಿದ್ದೇನೆ, ಈ ಸಾಲು ಯಾಕೆ?" ಅಂತ ಶುರು ಮಾಡುವವರು ಈಗ ಸಾಕಷ್ಟಿದ್ದಾರೆ.

ಹಂತ 4: ಡಿಎಸ್‌ಎ ರೌಂಡ್

ಡಿಎಸ್‌ಎ ಅಂದರೆ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಂ. ಸಾಮಾನ್ಯವಾಗಿ ಎರಡು ರೌಂಡ್ ಇರುತ್ತವೆ, ಒಂದೊಂದು 45 ನಿಮಿಷದಿಂದ 1 ಗಂಟೆ. ಹೆಚ್ಚಿನವರು ಹೊರಬೀಳುವುದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಆ ಕಡೆ ಏನು ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಇಂಟರ್ವ್ಯೂ ಮಾಡುವವರ ಮುಂದೆ ಒಂದು ಫಾರಂ ತೆರೆದಿರುತ್ತದೆ. ಕೊನೆಯಲ್ಲಿ ತೆಗೆದುಕೊಳ್ಳಬಹುದೋ ಬೇಡವೋ ಅಂತ ಒಂದು ಗುರುತು, ಅದರ ಮೇಲೆ ಕಾರಣ ಬರೆಯಲು ದೊಡ್ಡ ಖಾಲಿ ಜಾಗ. ಪ್ರಶ್ನೆ ಅರ್ಥ ಮಾಡಿಕೊಂಡ ರೀತಿ, ಯೋಚಿಸಿದ ರೀತಿ, ಕೋಡ್, ಪರೀಕ್ಷಿಸಿದ ರೀತಿ, ಎಲ್ಲಕ್ಕೂ ಸಾಕ್ಷಿ ಬರೆಯಬೇಕು. ಗೂಗಲ್‌ನಂಥ ಕಡೆ ನಿರ್ಧಾರ ಮಾಡುವುದು ನಿಮ್ಮನ್ನು ನೋಡಿಯೇ ಇರದ ಒಂದು ಸಮಿತಿ, ಅವರ ಕೈಯಲ್ಲಿ ಇರುವುದು ಈ ಬರಹ ಮಾತ್ರ. ನೀವು ಹತ್ತು ನಿಮಿಷ ಸುಮ್ಮನೆ ಕೂತರೆ ನಾನು ಆ ಹತ್ತು ನಿಮಿಷಕ್ಕೆ ಏನು ಬರೆಯಲಿ ಹೇಳಿ?

ನನ್ನದೇ ಕಥೆ ಇದೆ, ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ. ಹೆಸರು ಬೇಡ, ಔಟರ್ ರಿಂಗ್ ರೋಡಿನ ಒಂದು ಆಫೀಸು. ಟ್ರೀ ಪ್ರಶ್ನೆ. ಹನ್ನೆರಡು ನಿಮಿಷ ಬೋರ್ಡ್ ಕಡೆ ಮುಖ ಮಾಡಿ ನಿಂತೆ, ತಲೆಯೊಳಗೆ ಮೂರು ದಾರಿ ಹಾಕಿ ಎರಡನ್ನು ಬಿಟ್ಟೆ, ಆಮೇಲೆ ಸರಿಯಾದ ಕೋಡೇ ಬರೆದೆ. ರಿಜೆಕ್ಟ್. ಎಚ್‌ಆರ್ ಫೋನಿನಲ್ಲಿ ಹೇಳಿದ್ದು, "ಉತ್ತರ ಬಾಯಿಪಾಠ ಮಾಡಿದ ಹಾಗಿತ್ತು ಅಂತ ಬರೆದಿದ್ದಾರೆ." ಆ ಎರಡು ಬಿಟ್ಟ ದಾರಿಗಳನ್ನು ಜೋರಾಗಿ ಹೇಳಿದ್ದರೆ ಸಾಕಿತ್ತು.

ಜೋರಾಗಿ ಯೋಚಿಸುವುದು ಹೇಗಿರುತ್ತದೆ ಅಂತ ಒಂದು ಹಳೇ ಲೆಕ್ಕದಲ್ಲೇ ತೋರಿಸುತ್ತೇನೆ. ಸಂಖ್ಯೆಗಳ ಪಟ್ಟಿ ಇದೆ, ಕೂಡಿದರೆ ನಿರ್ದಿಷ್ಟ ಮೊತ್ತ ಬರುವ ಎರಡು ಸಂಖ್ಯೆ ಹುಡುಕಬೇಕು.

ಮೊದಲ ಐದು ನಿಮಿಷ ಬರೀ ಪ್ರಶ್ನೆ ಕೇಳಿ. ಪಟ್ಟಿ ಸಾರ್ಟ್ ಆಗಿದೆಯಾ? ಋಣ ಸಂಖ್ಯೆ ಇರಬಹುದಾ? ಒಂದೇ ಸಂಖ್ಯೆ ಎರಡು ಸಲ ಬರಬಹುದಾ? ಉತ್ತರ ಸಿಗದಿದ್ದರೆ ಏನು ಕೊಡಲಿ? ಆಮೇಲೆ ದಡ್ಡ ದಾರಿಯನ್ನೇ ಮೊದಲು ಹೇಳಿ: "ಪ್ರತಿ ಜೋಡಿಯನ್ನೂ ನೋಡಬಹುದು, ಎರಡು ಲೂಪ್, ಎನ್ ಸ್ಕ್ವೇರ್ ಆಗುತ್ತೆ." ಇದನ್ನು ಹೇಳಲು ನಾಚಿಕೆ ಬೇಡ, ಫಾರಂನಲ್ಲಿ ಒಂದು ಸಾಲು ಬಿತ್ತು. ಆಮೇಲೆ: "ಒಂದು ಸಂಖ್ಯೆ ಕೈಯಲ್ಲಿದ್ದರೆ ಇನ್ನೊಂದು ಎಷ್ಟಿರಬೇಕು ಅಂತ ಗೊತ್ತು, ಮೊತ್ತದಿಂದ ಕಳೆದರಾಯಿತು. ಅದು ಈಗಾಗಲೇ ಬಂದಿತ್ತಾ ಅಂತ ಹ್ಯಾಶ್ ಮ್ಯಾಪಿನಲ್ಲಿ ನೋಡಬಹುದು." ಹ್ಯಾಶ್ ಮ್ಯಾಪ್ ಅಂದರೆ ಕೀಲಿ ಕೊಟ್ಟರೆ ಬೆಲೆಯನ್ನು ಸಾಮಾನ್ಯವಾಗಿ ಒಂದೇ ಏಟಿಗೆ ಕೊಡುವ ರಚನೆ.

ಈಗ ಗುಂಡಿ ಎಲ್ಲಿದೆ ನೋಡಿ. ಪಟ್ಟಿ 7, 3, 9, ಬೇಕಾದ ಮೊತ್ತ 6. ಎಲ್ಲವನ್ನೂ ಮೊದಲೇ ಮ್ಯಾಪಿಗೆ ತುಂಬಿ ಆಮೇಲೆ ಹುಡುಕಿದರೆ, 3 ಬಂದಾಗ "ಇನ್ನೊಂದು 3 ಇದೆಯಾ?" ಅಂತ ಕೇಳಿ ತನ್ನನ್ನೇ ತಾನು ಜೋಡಿ ಮಾಡಿಕೊಳ್ಳುತ್ತದೆ. ಮೊದಲು ಹುಡುಕಿ, ಆಮೇಲೆ ಸೇರಿಸಿದರೆ ಈ ತೊಂದರೆ ಇಲ್ಲ, 3 ನಿಜಕ್ಕೂ ಎರಡು ಸಲ ಇದ್ದರೂ ಸರಿಯಾಗಿ ಸಿಗುತ್ತದೆ. ಎರಡು ಸಾಲಿನ ಹಿಂದುಮುಂದು ಅಷ್ಟೇ. ಇದನ್ನು ನೀವೇ ಹಿಡಿದು ಹೇಳಿದರೆ ಆ ಕಡೆಯವರು ಟೈಪ್ ಮಾಡುವ ಸದ್ದು ಕೇಳುತ್ತದೆ.

ಕೋಡ್ ಮುಗಿದ ಮೇಲೆ "ಡನ್" ಅಂದು ಒರಗಿ ಕೂರಬೇಡಿ. ಸಣ್ಣ ಇನ್‌ಪುಟ್ ತೆಗೆದುಕೊಂಡು ಒಂದೊಂದು ಸಾಲಾಗಿ ಕೈಯಲ್ಲೇ ಓಡಿಸಿ ತೋರಿಸಿ, ಇದಕ್ಕೆ ಡ್ರೈ ರನ್ ಅನ್ನುತ್ತಾರೆ. ಖಾಲಿ ಪಟ್ಟಿ, ಒಂದೇ ಸಂಖ್ಯೆ, ಎಲ್ಲಾ ಒಂದೇ ಥರದ ಸಂಖ್ಯೆ, ತುಂಬಾ ದೊಡ್ಡ ಸಂಖ್ಯೆ. ದೊಡ್ಡ ಸಂಖ್ಯೆ ಅಂದಾಗ ನೆನಪಾಯಿತು: ಬೈನರಿ ಸರ್ಚಿನಲ್ಲಿ, ಅಂದರೆ ಸಾರ್ಟ್ ಆದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವಾಗ, ಮಧ್ಯ ಹುಡುಕಲು ಎರಡು ತುದಿ ಕೂಡಿ ಎರಡರಿಂದ ಭಾಗಿಸುತ್ತೇವಲ್ಲ, ಜಾವಾದಲ್ಲಿ ಆ ಮೊತ್ತ 214 ಕೋಟಿ ಚಿಲ್ಲರೆ ದಾಟಿದರೆ ಋಣ ಸಂಖ್ಯೆ ಆಗಿಬಿಡುತ್ತದೆ. ಇದೇ ಬಗ್ ಜಾವಾದ ಸ್ವಂತ ಲೈಬ್ರರಿಯಲ್ಲೇ ಸುಮಾರು ಒಂಬತ್ತು ವರ್ಷ ಕೂತಿತ್ತು. 2006ರಲ್ಲಿ, ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ ಅದರ ಬಗ್ಗೆ ಬರೆದು ಒಪ್ಪಿಕೊಂಡರು. ಎರಡರ ವ್ಯತ್ಯಾಸದ ಅರ್ಧವನ್ನು ಕೆಳಗಿನ ತುದಿಗೆ ಕೂಡಿದರೆ ಸಮಸ್ಯೆ ಇಲ್ಲ.

ಸುಳಿವು ಕೊಟ್ಟರೆ ತೆಗೆದುಕೊಳ್ಳಿ. "ಸಾರ್ಟ್ ಆಗಿದ್ದಿದ್ದರೆ ಏನು ಮಾಡ್ತಿದ್ರಿ?" ಅಂತ ಕೇಳಿದರೆ ಅದು ಸುಮ್ನೆ ಕೇಳಿದ್ದಲ್ಲ, ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಾರೆ. ಹಠಕ್ಕೆ ಬಿದ್ದು ತಮ್ಮ ದಾರಿಯಲ್ಲೇ ಹೋಗುವವರನ್ನು ಕಂಡರೆ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡುವುದು ಕಷ್ಟ ಅನಿಸುತ್ತದೆ, ಅದನ್ನೂ ಬರೆಯುತ್ತಾರೆ.

ಇಂಗ್ಲಿಷ್ ವಿಷಯ. ವ್ಯಾಕರಣ ತಪ್ಪಿದ್ದಕ್ಕೆ ನಾನು ಯಾರನ್ನೂ ರಿಜೆಕ್ಟ್ ಮಾಡಿಲ್ಲ, ಬೇರೆಯವರು ಮಾಡಿದ್ದನ್ನೂ ನೋಡಿಲ್ಲ. ಬೇಕಾಗಿರುವುದು ಹತ್ತು ಹನ್ನೆರಡು ವಾಕ್ಯ ಮಾತ್ರ, ಅವನ್ನು ನಾಲಿಗೆ ಮೇಲೆ ಇಟ್ಟುಕೊಳ್ಳಿ. "ಕ್ಯಾನ್ ಐ ಅಸ್ಯೂಮ್ ದ ಲಿಸ್ಟ್ ಈಸ್ ನಾಟ್ ಎಂಪ್ಟಿ?" "ದಿಸ್ ವರ್ಕ್ಸ್, ಬಟ್ ಇಟ್ ಈಸ್ ಸ್ಲೋ." "ಐ ಆ್ಯಮ್ ಸ್ಟಕ್ ಹಿಯರ್, ಲೆಟ್ ಮಿ ಟ್ರೈ ಎ ಸ್ಮಾಲ್ ಎಕ್ಸಾಂಪಲ್." ಇಷ್ಟರಲ್ಲೇ ಮುಕ್ಕಾಲು ಇಂಟರ್ವ್ಯೂ ನಡೆದುಹೋಗುತ್ತದೆ. ಅಭ್ಯಾಸಕ್ಕೆ ಒಂದು ಉಪಾಯ: ಮೊದಲ ತಿಂಗಳು ಲೆಕ್ಕ ಬಿಡಿಸುವಾಗ ಕನ್ನಡದಲ್ಲೇ ಜೋರಾಗಿ ಹೇಳಿಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಬಾಯಿ ಬಿಡುವ ಅಭ್ಯಾಸ ಬೇರೆ, ಇಂಗ್ಲಿಷ್ ಬೇರೆ. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಿಯೇ ಎರಡೂ ಬರದೆ ಕೂರುತ್ತೀರಿ. ಎರಡನೇ ತಿಂಗಳಿಂದ ಇಂಗ್ಲಿಷಿಗೆ ಬದಲಿಸಿ. ಮೊದಲ ವಾರ ನಿಮ್ಮ ರೆಕಾರ್ಡಿಂಗ್ ಕೇಳಲು ನಿಮಗೇ ಹಿಂಸೆ ಆಗುತ್ತದೆ, ಪಿಜಿ ರೂಮ್‌ಮೇಟ್ ನಗುತ್ತಾನೆ, ಪರವಾಗಿಲ್ಲ.

ಏನು ಓದಬೇಕು? ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಟೂ ಪಾಯಿಂಟರ್, ಸ್ಲೈಡಿಂಗ್ ವಿಂಡೋ, ಬೈನರಿ ಸರ್ಚ್, ಸ್ಟ್ಯಾಕ್, ಲಿಂಕ್ಡ್ ಲಿಸ್ಟ್, ಟ್ರೀ, ಹೀಪ್, ಗ್ರಾಫ್, ಇದೇ ಕ್ರಮದಲ್ಲಿ. ಡೈನಾಮಿಕ್ ಪ್ರೋಗ್ರಾಮಿಂಗ್ ಕೊನೆಗೆ. ಎಲ್ಲರೂ ಅದರಿಂದಲೇ ಶುರು ಮಾಡಿ ಹೆದರಿ ಬಿಟ್ಟುಬಿಡುತ್ತಾರೆ. ಲೀಟ್‌ಕೋಡ್ ಅನ್ನುವ ಅಭ್ಯಾಸದ ಸೈಟಿನಲ್ಲಿ ಐನೂರು ಲೆಕ್ಕ ಮುಗಿಸಿದೆ ಅನ್ನುವವರಿಗಿಂತ ನೂರೈವತ್ತನ್ನು ಎರಡೆರಡು ಸಲ ಬಿಡಿಸಿದವರು ವಾಸಿ, ಇದು ನನ್ನ ಅಭಿಪ್ರಾಯ. ಒಂದು ಲೆಕ್ಕಕ್ಕೆ ಅರ್ಧ ಗಂಟೆ ಒದ್ದಾಡಿ, ಬರದಿದ್ದರೆ ಉತ್ತರ ನೋಡಿ, ನಾಲ್ಕು ದಿನ ಬಿಟ್ಟು ನೋಡದೆ ಬರೆಯಿರಿ.

ಹಂತ 5: ಮೆಷಿನ್ ಕೋಡಿಂಗ್

ಬೆಂಗಳೂರಿನ ಪ್ರಾಡಕ್ಟ್ ಕಂಪನಿಗಳಲ್ಲಿ, ಸ್ಟಾರ್ಟಪ್‌ಗಳಲ್ಲಿ ಇದು ಜಾಸ್ತಿ. ಒಂದೂವರೆ ಗಂಟೆ ಕೊಟ್ಟು ಒಂದು ಸಣ್ಣ ಅಪ್ಲಿಕೇಶನ್ ಬರೆಯಿರಿ ಅಂತಾರೆ: ಪಾರ್ಕಿಂಗ್ ಲಾಟ್, ಹಾವು ಏಣಿ ಆಟ, ರೂಮ್‌ಮೇಟ್‌ಗಳ ಖರ್ಚು ಹಂಚುವುದು. ಡೇಟಾಬೇಸ್ ಬೇಡ, ಸ್ಕ್ರೀನ್ ಬೇಡ, ಆದರೆ ಓಡಬೇಕು, ಮತ್ತು ನಾಳೆ ಹೊಸ ನಿಯಮ ಬಂದರೆ ಹತ್ತು ಕಡೆ ತಿದ್ದುವ ಹಾಗಿರಬಾರದು.

ಖರ್ಚು ಹಂಚುವುದನ್ನೇ ತೆಗೆದುಕೊಳ್ಳಿ. 100 ರೂಪಾಯಿ, ಮೂವರು. ತಲಾ 33.33. ಮೂರು ಸಲ ಕೂಡಿದರೆ 99.99. ಒಂದು ಪೈಸೆ ಎಲ್ಲಿ ಹೋಯಿತು? ನಾನು ನೋಡಿದ ಕೋಡ್‌ಗಳಲ್ಲಿ ಹೆಚ್ಚಿನವು ಇಲ್ಲೇ ಸೋರುತ್ತವೆ. ದುಡ್ಡನ್ನು ದಶಮಾಂಶದಲ್ಲಿ ಇಡಬೇಡಿ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ: 10,000 ಪೈಸೆ, ತಲಾ 3,333, ಉಳಿದ 1 ಪೈಸೆಯನ್ನು ಮೊದಲನೆಯವರಿಗೆ ಸೇರಿಸಿ, ಹಾಗೆ ಮಾಡುತ್ತಿದ್ದೇನೆ ಅಂತ ಹೇಳಿ.

ಮೊದಲ ನಲವತ್ತು ನಿಮಿಷ ಕ್ಲಾಸ್ ಡಯಾಗ್ರಾಂ ಬರೆದು, ಇಪ್ಪತ್ತು ಇಂಟರ್‌ಫೇಸ್ ಮಾಡಿ, ಕೊನೆಗೆ ಕಂಪೈಲ್ ಆಗದ ಕೋಡ್ ಕೊಡುವವರು ಬೇಕಾದಷ್ಟು. ಮೊದಲು ಒಂದೇ ಒಂದು ಕೆಲಸ ಪೂರ್ತಿ ಓಡಿಸಿ, ಖರ್ಚು ಸೇರಿಸು, ಬಾಕಿ ತೋರಿಸು. ಆಮೇಲೆ ಶೇಕಡಾವಾರು ಹಂಚಿಕೆ ಸೇರಿಸಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಐದಾರು ಸಲ ಮಾಡಿದರೆ ಸಾಕು.

ಹಂತ 6: ಸಿಸ್ಟಂ ಡಿಸೈನ್

ಮೂರು ವರ್ಷದೊಳಗಿನವರಿಗೆ ಇದು ಇಲ್ಲದೆಯೂ ಇರಬಹುದು, ಎಚ್‌ಆರ್ ಹತ್ತಿರ ಕೇಳಿ. ಲಕ್ಷಾಂತರ ಜನ ಬಳಸುವ ವ್ಯವಸ್ಥೆಯನ್ನು ಬೋರ್ಡ್ ಮೇಲೆ ಕಟ್ಟಿ ತೋರಿಸಬೇಕು. ಪ್ರಶ್ನೆ ಕೇಳಿದ ಕೂಡಲೇ "ಕಾಫ್ಕಾ ಹಾಕ್ತೀನಿ, ರೆಡಿಸ್ ಹಾಕ್ತೀನಿ" ಅನ್ನುವುದು ಅಡುಗೆ ಏನು ಅಂತ ಕೇಳದೆ ಒಗ್ಗರಣೆ ಹಾಕಿದ ಹಾಗೆ. ಮೊದಲು ಲೆಕ್ಕ.

ಉದ್ದದ ಲಿಂಕನ್ನು ಚಿಕ್ಕದು ಮಾಡುವ ಸೇವೆ ಅಂದುಕೊಳ್ಳಿ. ದಿನಕ್ಕೆ 1 ಕೋಟಿ ಹೊಸ ಲಿಂಕ್. ದಿನಕ್ಕೆ 86,400 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 116 ಬರಹ. ಒಂದು ಬರಹಕ್ಕೆ ನೂರು ಓದು ಅಂದರೆ ಸೆಕೆಂಡಿಗೆ 11,600 ಓದು. ಒಂದಕ್ಕೆ 500 ಬೈಟ್ ಹಿಡಿದರೆ ದಿನಕ್ಕೆ 5 ಜಿಬಿ, ವರ್ಷಕ್ಕೆ 1.8 ಟಿಬಿ. ಇಷ್ಟರಲ್ಲೇ ಬರಹ ಕಡಿಮೆ, ಓದು ಜಾಸ್ತಿ, ಆದ್ದರಿಂದ ಕ್ಯಾಶ್ ಬೇಕು ಅಂತ ಹೊರಟಿತು. ಕ್ಯಾಶ್ ಅಂದರೆ ಪದೇ ಪದೇ ಬೇಕಾಗುವುದನ್ನು ಕೈಗೆಟುಕುವಲ್ಲಿ ಇಡುವುದು. ಇನ್ನು ಚಿಕ್ಕ ಲಿಂಕಿಗೆ ಎಷ್ಟು ಅಕ್ಷರ? ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರ ಮತ್ತು ಅಂಕಿ ಸೇರಿ 62. ಆರು ಅಕ್ಷರದಲ್ಲಿ ಸುಮಾರು 5,680 ಕೋಟಿ ಲಿಂಕ್, ಹದಿನೈದು ವರ್ಷಕ್ಕೆ ಖಾಲಿ. ಏಳು ಅಕ್ಷರ ಮಾಡಿದರೆ ಸುಮಾರು 3.5 ಲಕ್ಷ ಕೋಟಿ, ಒಂಬೈನೂರು ವರ್ಷ ದಾಟುತ್ತದೆ. ಒಂದು ಅಕ್ಷರದ ಬೆಲೆ ನೋಡಿ!

ಆಮೇಲೆ ಅವರು ಕೆದಕುತ್ತಾರೆ. ಚಿಕ್ಕ ಲಿಂಕ್ ಒತ್ತಿದವರನ್ನು ಉದ್ದದ ಲಿಂಕಿಗೆ ಕಳಿಸುವಾಗ ಬ್ರೌಸರಿಗೆ ಯಾವ ಕೋಡ್ ನಂಬರ್ ಕೊಡುತ್ತೀರಿ? 301 ಕಳಿಸ್ತೀರಾ, 302 ಕಳಿಸ್ತೀರಾ? 301 ಅಂದರೆ "ಶಾಶ್ವತವಾಗಿ ಬದಲಾಗಿದೆ" ಅಂತ ಬ್ರೌಸರಿಗೆ ಹೇಳಿದ ಹಾಗೆ. ಅದು ನೆನಪಿಟ್ಟುಕೊಂಡು ಮುಂದಿನ ಸಲ ನಿಮ್ಮ ಹತ್ತಿರ ಬರುವುದೇ ಇಲ್ಲ. ಹೊರೆ ಕಡಿಮೆ, ಆದರೆ ಎಷ್ಟು ಜನ ಒತ್ತಿದರು ಅಂತ ಎಣಿಸಲಾಗುವುದಿಲ್ಲ. 302 ಆದರೆ ಉಲ್ಟಾ. ಯಾವುದು ಸರಿ ಅನ್ನುವುದು ಮುಖ್ಯವೇ ಅಲ್ಲ, "ಎಣಿಕೆ ಬೇಕಾ?" ಅಂತ ನೀವು ಅವರನ್ನೇ ತಿರುಗಿ ಕೇಳಿದಿರಾ ಅಂತ ನೋಡುತ್ತಾರೆ.

ಹಂತ 7: ಮ್ಯಾನೇಜರ್ ರೌಂಡ್

ಇದು ಬರೀ ಹರಟೆ ಅಂತ ತಯಾರಿ ಇಲ್ಲದೆ ಹೋಗಬೇಡಿ. "ಜಗಳ ಆದ ಒಂದು ಸಂದರ್ಭ ಹೇಳಿ", "ನಿಮ್ಮಿಂದ ತಪ್ಪಾಗಿದ್ದು ಯಾವಾಗ?" ಅಮೆಜಾನ್‌ನಲ್ಲಂತೂ 16 ಲೀಡರ್‌ಶಿಪ್ ತತ್ವಗಳಿವೆ, ಪ್ರತಿ ರೌಂಡಿನಲ್ಲೂ ಅವಕ್ಕೆ ಹೊಂದುವ ಕಥೆ ಕೇಳುತ್ತಾರೆ. ಜೊತೆಗೆ ಬಾರ್ ರೈಸರ್ ಅಂತ ಬೇರೆ ಟೀಮಿನವರೊಬ್ಬರು ಕೂತಿರುತ್ತಾರೆ, ಅವರ ಮಾತಿಗೆ ತೂಕ ಜಾಸ್ತಿ. ನಿಮ್ಮ ಕೆಲಸದಿಂದ ಆರು ಘಟನೆ ಆರಿಸಿ ಬರೆದಿಟ್ಟುಕೊಳ್ಳಿ. ಸ್ಟಾರ್ ಅನ್ನುವ ಕ್ರಮ ಇದೆ: ಪರಿಸ್ಥಿತಿ, ನಿಮ್ಮ ಪಾಲಿನ ಕೆಲಸ, ಮಾಡಿದ್ದು, ಫಲ. ಮೊದಲ ಎರಡನ್ನು ಒಂದು ನಿಮಿಷದಲ್ಲಿ ಮುಗಿಸಿ.

ನಮ್ಮವರ ಒಂದು ಅಭ್ಯಾಸ ಇಲ್ಲಿ ಮುಳುವಾಗುತ್ತದೆ. "ನಾನು" ಅನ್ನಲು ಸಂಕೋಚ. "ನಾವು ಮಾಡಿದ್ವಿ, ಟೀಮ್ ಸರಿ ಮಾಡ್ತು." ಒಳ್ಳೇ ಗುಣವೇ, ಆದರೆ ನೀವು ಏನು ಮಾಡಿದಿರಿ ಅಂತ ಫಾರಂನಲ್ಲಿ ಬರೆಯಲು ಆಗುವುದಿಲ್ಲ. ಟೀಮಿಗೆ ಸಲ್ಲಬೇಕಾದ್ದನ್ನು ಒಂದು ಸಾಲಿನಲ್ಲಿ ಸಲ್ಲಿಸಿ, ಆಮೇಲೆ "ಇದರಲ್ಲಿ ನನ್ನ ಭಾಗ ಇಷ್ಟು" ಅನ್ನಿ.

ಯಾಕೆ ಬಿಡ್ತಿದ್ದೀರಿ ಅಂದರೆ ಹಳೇ ಮ್ಯಾನೇಜರನ್ನು ಬೈಯಬೇಡಿ. ಕೊನೆಗೆ ಏನಾದರೂ ಕೇಳಬೇಕಾ ಅಂದಾಗ "ನೋ ಸರ್" ಬೇಡ. ರಾತ್ರಿ ಸರ್ವರ್ ಬಿದ್ದರೆ ಯಾರಿಗೆ ಫೋನ್ ಬರುತ್ತೆ, ತಿಂಗಳಿಗೆ ಎಷ್ಟು ಸಲ? ಈ ಉತ್ತರ ನಿಮಗೇ ಬೇಕು.

ಆಫೀಸಿಗೆ ಬರಲು ಹೇಳಿದರೆ, ಇದೀಗ ಮತ್ತೆ ಹೆಚ್ಚುತ್ತಿದೆ, ಗುರುತಿನ ಚೀಟಿ ಮರೆಯಬೇಡಿ. ಟೆಕ್ ಪಾರ್ಕ್ ಗೇಟಿನಲ್ಲಿ ಹೆಸರು, ಲ್ಯಾಪ್‌ಟಾಪ್ ಸೀರಿಯಲ್ ನಂಬರ್ ಬರೆಸಿ ಪಾಸ್ ತೆಗೆದುಕೊಳ್ಳುವಷ್ಟರಲ್ಲಿ ಇಪ್ಪತ್ತು ನಿಮಿಷ. ವೈಟ್‌ಫೀಲ್ಡ್ ಆದರೆ ನೇರಳೆ ಮೆಟ್ರೋ, ಎಲೆಕ್ಟ್ರಾನಿಕ್ ಸಿಟಿ ಆದರೆ ಹಳದಿ. ಮಾರತಹಳ್ಳಿ ಕಡೆ ಆದರೆ ದೇವರೇ ಗತಿ, ಒಂದು ಗಂಟೆ ಮುಂಚೆ ಹೊರಡಿ.

ಹಂತ 8: ಆಫರ್

ಸಿಟಿಸಿ ಅಂದರೆ ಕಂಪನಿಗೆ ನಿಮ್ಮಿಂದ ವರ್ಷಕ್ಕೆ ಆಗುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವ ಸಂಬಳ ಬೇರೆ. ಒಂದು ಕಾಲ್ಪನಿಕ ಆಫರ್ ಬಿಡಿಸೋಣ, "27 ಲಕ್ಷ" ಅಂತ ಹೇಳಿದ್ದಾರೆ. ನಿಗದಿತ ಸಂಬಳ 18 ಲಕ್ಷ, ಅದರಲ್ಲಿ ಬೇಸಿಕ್ 9 ಲಕ್ಷ. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ 12 ಶೇಕಡಾ, 1.08 ಲಕ್ಷ. ಗ್ರಾಚ್ಯುಟಿ ಅಂತ 4.81 ಶೇಕಡಾ, ಸುಮಾರು 43 ಸಾವಿರ. ವೇರಿಯಬಲ್, ಅಂದರೆ ಕೊಟ್ಟರೆ ಕೊಟ್ಟರು ಅನ್ನುವ ಭಾಗ, 1.8 ಲಕ್ಷ. ಜಾಯ್ನಿಂಗ್ ಬೋನಸ್ 2 ಲಕ್ಷ, ಒಂದೇ ಸಲ. ನಾಲ್ಕು ವರ್ಷಕ್ಕೆ 16 ಲಕ್ಷದ ಶೇರು, ವರ್ಷಕ್ಕೆ 4 ಲಕ್ಷ ಅಂತ ಲೆಕ್ಕ. ಕೂಡಿದರೆ 27 ಲಕ್ಷ ಚಿಲ್ಲರೆ. ಆದರೆ ತಿಂಗಳಿಗೆ ಖಚಿತವಾಗಿರುವುದು 18 ಲಕ್ಷದ ಹನ್ನೆರಡನೇ ಒಂದು ಭಾಗ, ಒಂದೂವರೆ ಲಕ್ಷ. ಅದರಲ್ಲೂ ನಿಮ್ಮ ಪಾಲಿನ ಪಿಎಫ್ 9,000 ಮತ್ತು ತೆರಿಗೆ ಹೋಗಬೇಕು.

ಶೇರಿನ ಬಗ್ಗೆ ಎರಡು ಮಾತು. ಮಾರುಕಟ್ಟೆಯಲ್ಲಿ ಇರುವ ಕಂಪನಿಯ ಆರ್‌ಎಸ್‌ಯು, ಅಂದರೆ ಕೆಲಸಕ್ಕೆ ಪ್ರತಿಯಾಗಿ ಹಂತಹಂತವಾಗಿ ಕೊಡುವ ಶೇರು, ಕೈಗೆ ಬಂದ ದಿನ ಮಾರಬಹುದು, ಹೆಚ್ಚುಕಡಿಮೆ ದುಡ್ಡೇ. ಸ್ಟಾರ್ಟಪ್‌ನ ಇಸಾಪ್ ಆದರೆ, ನಿಗದಿತ ಬೆಲೆಗೆ ಶೇರು ಕೊಳ್ಳುವ ಹಕ್ಕು ಅಷ್ಟೇ, ಕೊಳ್ಳುವವರು ಯಾರು, ಯಾವಾಗ ಅಂತ ಕೇಳಿ. ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಸಾಮಾನ್ಯವಾಗಿ ಒಂದು ಶೇರೂ ಇಲ್ಲ. ಜಾಯ್ನಿಂಗ್ ಬೋನಸ್ಸನ್ನೂ ವರ್ಷದೊಳಗೆ ಬಿಟ್ಟರೆ ವಾಪಸ್ ಕೇಳುತ್ತಾರೆ, ಆಫರ್ ಲೆಟರಿನಲ್ಲಿ ಆ ಸಾಲು ಹುಡುಕಿ.

ಫೋನಿನಲ್ಲಿ "ಸೆಲೆಕ್ಟ್ ಆಗಿದ್ದೀರಿ" ಅಂದರು ಅಂತ ರಾಜೀನಾಮೆ ಕೊಡಬೇಡಿ. ಲೆಟರ್ ಮೇಲ್‌ಗೆ ಬರಲಿ, ಅಂಕಿ ಓದಿ, ಆಮೇಲೆ. ಸೇರುವ ಹೊತ್ತಿಗೆ ಹಳೇ ಕಾಗದ ಎಲ್ಲಾ ಕೇಳುತ್ತಾರೆ: ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಪೇಸ್ಲಿಪ್, ಫಾರಂ 16, ಡಿಗ್ರಿ ಸರ್ಟಿಫಿಕೇಟ್. ಕಂಪನಿ ಲಾಗಿನ್ ಹೋದ ಮೇಲೆ ಪೇಸ್ಲಿಪ್ ಸಿಗುವುದಿಲ್ಲ, ಈಗಲೇ ಸ್ವಂತ ಮೇಲ್‌ಗೆ ಇಳಿಸಿಟ್ಟುಕೊಳ್ಳಿ. ಡಿಗ್ರಿ ಸರ್ಟಿಫಿಕೇಟ್ ವಿಶ್ವವಿದ್ಯಾಲಯದಿಂದ ಇನ್ನೂ ತೆಗೆದುಕೊಳ್ಳದೇ ಇರುವವರು ಈ ವಾರವೇ ಅರ್ಜಿ ಹಾಕಿ.

ರಿಜೆಕ್ಟ್ ಆದರೆ

ಆಗುತ್ತದೆ, ಒಂದಲ್ಲ, ನಾಲ್ಕೈದು. ನನಗೆ ಆರು ಆಗಿತ್ತು. ಹೆಚ್ಚಿನ ಕಡೆ ಆರು ತಿಂಗಳು ಬಿಟ್ಟು ಮತ್ತೆ ಪ್ರಯತ್ನಿಸಬಹುದು, ದಿನಾಂಕ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಡಿ. ವಾರ ಕಳೆದರೂ ಉತ್ತರ ಬರದಿದ್ದರೆ ಒಂದು ಮೇಲ್ ಕಳಿಸಿ, ಇನ್ನೊಂದು ವಾರಕ್ಕೆ ಇನ್ನೊಂದು, ಅಷ್ಟೇ. ತುಂಬಾ ಇಷ್ಟವಾದ ಕಂಪನಿಗೆ ಮೊದಲು ಹೋಗಬೇಡಿ, ಎರಡು ಮೂರು ಬೇರೆ ಕಡೆ ಕೈ ಪಳಗಿಸಿಕೊಂಡು ಹೋಗಿ. ಮತ್ತು ಇಂಟರ್ವ್ಯೂ ಮುಗಿದ ಕೂಡಲೇ, ಮನೆಗೆ ಬಂದಲ್ಲ, ವಾಪಸ್ ಬರುವ ಬಸ್ಸಿನಲ್ಲೋ ಮೆಟ್ರೋದಲ್ಲೋ ಕೂತು, ಕೇಳಿದ ಪ್ರಶ್ನೆ, ಎಲ್ಲಿ ತಡವರಿಸಿದಿರಿ, ಯಾವ ಸುಳಿವು ಕೊಟ್ಟರು, ಎಲ್ಲಾ ಆ ನೋಟ್‌ಬುಕ್ಕಿಗೆ ಬರೆದುಬಿಡಿ. ಬೆಳಿಗ್ಗೆ ಹೊತ್ತಿಗೆ ಅರ್ಧ ಮರೆತಿರುತ್ತದೆ.